ಹೆಸರು ಅಳಿಸಿದರೆ ಸಾಲದೇ?

ಕಾಸರಗೋಡಿನ ಹಳ್ಳಿಗಳಲ್ಲಿ ಆರೋಗ್ಯ ಸರ್ವೆಗೆ ಹೊರಡುವ ವಿದ್ಯಾರ್ಥಿಗಳು, ಅವರಿಗೆ ಮನೆ ತೋರಿಸುವ ಆಶಾ ಕಾರ್ಯಕರ್ತೆಯರು ಎಲ್ಲರೂ ಕೇಳುವುದು ಒಂದೇ: ‘ಪಟ್ಟಿಯಿಂದ ಹೆಸರು, ಫೋನ್ ನಂಬರು ತೆಗೆದಿದ್ದೇವೆ. ಅಷ್ಟು ಸಾಲದೇ?’ ಸಾಲದು. ನಮ್ಮ ಊರುಗಳಲ್ಲಂತೂ ಖಂಡಿತ ಸಾಲದು.

ಉದಾಹರಣೆಗೆಂದು ಹೆಣೆದ ಒಂದು ಸಾಲು ನೋಡಿ: ವಾರ್ಡು 7, ಹೆಂಗಸು, 34 ವರ್ಷ, ಮನೆಮಾತು ಮರಾಠಿ, ಅಂಗನವಾಡಿ ಟೀಚರ್, ಮೂರ್ಛೆರೋಗ. ಇದರಲ್ಲಿ ಹೆಸರಿಲ್ಲ. ಆದರೆ ಒಂದು ವಾರ್ಡಿನಲ್ಲಿ ಇರುವ ಅಂಗನವಾಡಿಗಳೇ ಬೆರಳೆಣಿಕೆಯಷ್ಟು. ಇದು ಯಾರೆಂದು ಆ ವಾರ್ಡಿನ ಮಕ್ಕಳೂ ಹೇಳಿಯಾರು. ಕನ್ನಡ, ಮಲಯಾಳ, ತುಳು, ಕೊಂಕಣಿ, ಮರಾಠಿ, ಬ್ಯಾರಿ ಎಲ್ಲವೂ ಬೆರೆತಿರುವ ಜಿಲ್ಲೆಯಲ್ಲಿ ಮನೆಮಾತಿನ ಕಾಲಂ ಒಂದೇ ನೂರು ಮನೆಗಳನ್ನು ನಾಲ್ಕೈದಕ್ಕೆ ಇಳಿಸಬಲ್ಲುದು. ಕೊರಗರಂಥ ಚಿಕ್ಕ ಸಮುದಾಯದವರಾದರೆ ಜಾತಿಯ ಕಾಲಮ್ಮೇ ಗುರುತಿನ ಚೀಟಿ. ಮನೆಹೆಸರಂತೂ ನೇರ ವಿಳಾಸ.

ದೊಡ್ಡ ದೇಶಗಳಲ್ಲೂ ಹೀಗೆಯೇ. ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಲಟಾನ್ಯಾ ಸ್ವೀನಿ 1990ರ ದಶಕದಲ್ಲಿ, ಹೆಸರಿಲ್ಲದ ಆಸ್ಪತ್ರೆ ದಾಖಲೆಯನ್ನು ಮತದಾರರ ಪಟ್ಟಿಯ ಜೊತೆ ಹೋಲಿಸಿ ಮ್ಯಾಸಚೂಸೆಟ್ಸ್ ಗವರ್ನರರ ದಾಖಲೆಯನ್ನೇ ಹೆಕ್ಕಿ ತೆಗೆದರು. ಅವರಿಗೆ ಬೇಕಾದದ್ದು ಪಿನ್‌ಕೋಡ್, ಜನ್ಮದಿನಾಂಕ, ಲಿಂಗ, ಇಷ್ಟೇ.

ಹಾಗಾಗಿ ಕೆಲಸ ಫಾರ್ಮು ಮಾಡುವಾಗಲೇ ಶುರುವಾಗಬೇಕು. ಬೇಡದ್ದನ್ನು ಕೇಳಲೇಬೇಡಿ. ಜನ್ಮದಿನಾಂಕದ ಬದಲು ವಯಸ್ಸು ಸಾಕು. ವರದಿಗೆ 30–39 ಎಂಬಂಥ ಗುಂಪು ಸಾಕು. ವಾರ್ಡಿನ ಬದಲು ಪಂಚಾಯತು, ‘ಅಂಗನವಾಡಿ ಟೀಚರ್’ ಬದಲು ‘ಸಂಬಳದ ಕೆಲಸ’. ಪ್ರತಿಯೊಬ್ಬರಿಗೂ ಒಂದು ಸಂಕೇತ ಸಂಖ್ಯೆ ಕೊಡಿ, ಆದರೆ ಮನೆ ನಂಬರಿನಿಂದಲೋ ಹೆಸರಿನ ಮೊದಲಕ್ಷರದಿಂದಲೋ ಅದನ್ನು ಕಟ್ಟಬೇಡಿ. ಯಾವ ಸಂಖ್ಯೆ ಯಾರದೆಂಬ ಕೀಲಿಪಟ್ಟಿ ಬೇರೆ ಕಂಪ್ಯೂಟರಿನಲ್ಲಿ, ಪಾಸ್‌ವರ್ಡ್ ಹಾಕಿ, ಇಬ್ಬರ ಕೈಯಲ್ಲಿ ಮಾತ್ರ ಇರಲಿ. ಸಹಿ ಇಲ್ಲವೇ ಹೆಬ್ಬೆಟ್ಟು ಇರುವ ಒಪ್ಪಿಗೆ ಪತ್ರವನ್ನು ಪ್ರಶ್ನಾವಳಿಗೆ ಪಿನ್ ಹೊಡೆಯುವುದು ಬಹಳ ಕಡೆ ನಡೆಯುವ ತಪ್ಪು. ಎರಡೂ ಬೇರೆ ಬೇರೆ ಕಪಾಟಿನಲ್ಲಿರಬೇಕು.

ಫೋನಿನಿಂದಲೂ ಸೋರಿಕೆ ಆಗುತ್ತದೆ. ತುಂಬಿದ ಫಾರ್ಮಿನ ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಿದರೆ ಅದು ಗುಂಪಿನವರ ಗ್ಯಾಲರಿಗಳಿಗೆ, ಅಲ್ಲಿಂದ ಬ್ಯಾಕಪ್‌ಗೆ ಹೋಗಬಹುದು. ಮತ್ತೆ ಹಿಂದೆ ತರಲಾಗದು. ಲೊಕೇಶನ್ ಆನ್ ಇದ್ದರೆ ಮೂಲ ಫೋಟೋದೊಳಗೆ ಮನೆಯ ಅಕ್ಷಾಂಶ, ರೇಖಾಂಶವೂ ಕೂತಿರುತ್ತದೆ. ಎಕ್ಸೆಲ್‌ನಲ್ಲಿ ಕಾಲಂ ಅಡಗಿಸಿದರೆ ಅದು ಅಳಿದಂತಲ್ಲ, ಮೇಲ್‌ನಲ್ಲಿ ಪಡೆದವರು ಒಂದು ಕ್ಲಿಕ್ಕಿನಲ್ಲಿ ತೆರೆಯುತ್ತಾರೆ. ಬೇಕಾದ ಕಾಲಂಗಳನ್ನಷ್ಟೇ ಹೊಸ ಫೈಲಿಗೆ ನಕಲಿಸಿ, ಅದಕ್ಕೆ ಪಾಸ್‌ವರ್ಡ್ ಹಾಕಿ ಕಳಿಸಿ, ಆ ಪಾಸ್‌ವರ್ಡನ್ನು ಫೋನಿನಲ್ಲಿ ಹೇಳಿ.

ವರದಿಯ ಕೋಷ್ಟಕದಲ್ಲಿ ಐದಕ್ಕಿಂತ ಚಿಕ್ಕ ಸಂಖ್ಯೆಯನ್ನು ಮುಚ್ಚುವುದು ರೂಢಿ. ಆದರೆ ಒಟ್ಟು 23, ಗಂಡಸರು 22 ಎಂದು ಅಚ್ಚಾಗಿದ್ದರೆ ಹೆಂಗಸರ ಜಾಗದಲ್ಲಿ ನಕ್ಷತ್ರ ಹಾಕಿ ಪ್ರಯೋಜನವಿಲ್ಲ, ಕಳೆದರೆ ಉತ್ತರ ಸಿಕ್ಕಿತು. ಅಕ್ಕಪಕ್ಕದ ಪಂಚಾಯತುಗಳನ್ನು ಒಟ್ಟುಗೂಡಿಸಿ ತೋರಿಸಿ.

ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದ ಎಣ್ಮಕಜೆಯಂಥ ಪಂಚಾಯತುಗಳಲ್ಲಿ ಇದರ ತೂಕ ಇನ್ನೂ ಹೆಚ್ಚು. ಆ ಕೀಟನಾಶಕವನ್ನು ಸುಪ್ರೀಂ ಕೋರ್ಟು 2011ರಲ್ಲಿ ತಡೆಯಿತು, ಆದರೆ ಅದರ ದುಷ್ಪರಿಣಾಮದ ಸುದ್ದಿಗಳ ಜೊತೆ ಅಂದು ಪತ್ರಿಕೆಗಳಲ್ಲಿ ಬಂದ ಮಕ್ಕಳ ಮುಖಗಳು ಇಂದಿಗೂ ಇಂಟರ್ನೆಟ್ಟಿನಲ್ಲಿವೆ. ಜಗತ್ತಿಗೆ ಕಷ್ಟ ತೋರಿಸಬೇಕೆಂದೇ ಕೆಲವು ಮನೆಯವರು ಒಪ್ಪಿರಬಹುದು. ಆದರೂ ಆ ಪಟ ಮುಂದೆ ಆ ಮಗುವಿನ ತಂಗಿಯ ಮದುವೆ ಮಾತುಕತೆಗೂ ಅಡ್ಡ ಬರಬಹುದೆಂದು ಮೊದಲೇ ಹೇಳುವುದು ಸಂಶೋಧಕರ ಹೊಣೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಸಂಶೋಧನೆಗೆ ಷರತ್ತಿನ ಸಡಿಲಿಕೆ ಕೊಟ್ಟಿದೆ; ಆ ಸಡಿಲಿಕೆಯನ್ನು ನೆಚ್ಚಿ ಒಪ್ಪಿಗೆಯ ಮಾತನ್ನು ಮೊಟಕುಗೊಳಿಸುವುದು ಸರಿಯಲ್ಲ.

ಒಪ್ಪಿಗೆ ಪತ್ರ ಮಲಯಾಳದಲ್ಲಷ್ಟೇ ಇದ್ದರೆ ಕನ್ನಡದವರು ಓದದೆ ಸಹಿ ಹಾಕುತ್ತಾರೆ. ಕನ್ನಡದ ಪ್ರತಿ ಇರಲಿ, ಬೇಕಾದಲ್ಲಿ ತುಳುವಿನಲ್ಲಿ ಬಾಯಿಮಾತಿನಲ್ಲೇ ವಿವರಿಸಿ. ಪ್ರಶ್ನೆ ಕೇಳುವಾಗ ಜಗಲಿಯಲ್ಲಿ ನೆರೆಯವರು ಕೂತಿದ್ದರೆ ಇನ್ನೊಂದು ದಿನ ಬನ್ನಿ. ಮತ್ತೆ, ಕೀಲಿಪಟ್ಟಿಯನ್ನು ನಾಶಮಾಡುವ ದಿನಾಂಕ ಪತ್ರದಲ್ಲೇ ಬರೆದಿರಲಿ. ಆ ದಿನದ ನಂತರ ‘ನನ್ನ ಮಾಹಿತಿ ತೆಗೆಯಿರಿ’ ಎಂದು ಯಾರಾದರೂ ಬಂದರೆ ಅವರ ಸಾಲು ಯಾವುದೆಂದು ಹುಡುಕಲು ನಿಮ್ಮಿಂದಲೂ ಆಗದು. ಇದನ್ನು ಸಹಿಗೆ ಮೊದಲೇ ತಿಳಿಸಬೇಕು.