ತಿಮಿಂಗಿಲ ಬೇಟೆಯ ಮಿತಿ: ಸೂತ್ರಕ್ಕಿಂತ ದೊಡ್ಡದು ಎಣಿಕೆ

ಎರಡನೇ ಮಹಾಯುದ್ಧ ಮುಗಿದ ಮೇಲೆ ಅಂಟಾರ್ಕ್ಟಿಕ ಬೇಟೆಗೆ ಹಾಕಿದ ಮಿತಿಯ ಅಳತೆಗೋಲೇ ತಪ್ಪಾಗಿತ್ತು. ಅದರ ಹೆಸರು ‘ನೀಲಿ ತಿಮಿಂಗಿಲ ಯೂನಿಟ್’: ಒಂದು ನೀಲಿಗೆ ಎರಡು ಫಿನ್, ಎರಡೂವರೆ ಹಂಪ್‌ಬ್ಯಾಕ್ ಅಥವಾ ಆರು ಸೇಯ್ ತಿಮಿಂಗಿಲ ಸಮ. ಒಟ್ಟು 16,000 ಯೂನಿಟ್. ಯಾವ ಜಾತಿಯದು ಎಷ್ಟು ಎಂಬ ಕಟ್ಟುಪಾಡಿಲ್ಲ. ಒಂದೇ ಬೇಟೆಗೆ ಪೂರ್ತಿ ಯೂನಿಟ್ ದಕ್ಕುವಾಗ ನೀಲಿಯನ್ನು ಯಾರು ಬಿಟ್ಟಾರು? ಅದು ಅಪರೂಪವಾದಾಗ ಫಿನ್, ಆಮೇಲೆ ಸೇಯ್. ಈ ಪದ್ಧತಿ ಹೋಗಿದ್ದು 1972ರಲ್ಲಿ.

ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗ 1994ರಲ್ಲಿ ಒಪ್ಪಿದ, ಬೇಟೆಯ ಮಿತಿ ಲೆಕ್ಕ ಹಾಕುವ ಪರಿಷ್ಕೃತ ವಿಧಾನ ಕೇಳುವುದು ಎರಡೇ ಮಾಹಿತಿ: ಹಿಂದಿನ ಬೇಟೆಯ ದಾಖಲೆ, ಈಗಿನ ಸಂಖ್ಯೆಯ ಅಂದಾಜು. ಅಂದಾಜು ಎಷ್ಟು ಅನಿಶ್ಚಿತವೋ ಮಿತಿ ಅಷ್ಟು ಕೆಳಗೆ. ಸಂಖ್ಯೆ ಬೇಟೆಗೆ ಮುಂಚಿನದರ ಶೇ. 54ಕ್ಕಿಂತ ಕಡಿಮೆ ಎಂದು ಲೆಕ್ಕ ಬಂದರೆ ಮಿತಿ ಸೊನ್ನೆ. ಸಮೀಕ್ಷೆಗೆ ಎಂಟು ವರ್ಷ ದಾಟಿದರೆ ವರ್ಷಕ್ಕೆ ಶೇ. 20ರಂತೆ ಕಡಿತ. ಎಣಿಸದವನಿಗೆ ಬೇಟೆಯಿಲ್ಲ ಎಂಬ ಈ ನಿಯಮ ನನಗೆ ಇಡೀ ವಿಧಾನದ ಜೀವಾಳ ಅನ್ನಿಸುತ್ತದೆ.

ಎಣಿಕೆಯೇನೂ ಸುಲಭವಲ್ಲ. ಹಡಗು ಮೊದಲೇ ಗೊತ್ತುಪಡಿಸಿದ ಗೆರೆಗಳ ಮೇಲೆ ಸಾಗುತ್ತದೆ. ಕಂಡ ಪ್ರತಿ ತಿಮಿಂಗಿಲದ ದೂರ, ಕೋನ ಬರೆದುಕೊಳ್ಳುತ್ತಾರೆ. ಮಿಂಕಿ ಎಂಬ ಸಣ್ಣ ತಿಮಿಂಗಿಲ ಮೇಲೆ ಬಂದು ಕ್ಷಣದಲ್ಲಿ ಮುಳುಗುವುದರಿಂದ ಹಡಗಿನ ಹಾದಿಯಲ್ಲಿದ್ದದ್ದೂ ತಪ್ಪಿಹೋಗುತ್ತದೆ. ಅದಕ್ಕೇ ಒಂದೇ ಹಡಗಿನಲ್ಲಿ ಎರಡು ತಂಡ, ಒಬ್ಬರಿಗೊಬ್ಬರು ಸುಳಿವು ಕೊಡದೆ ನೋಡುತ್ತವೆ. ಇಬ್ಬರಿಗೂ ಕಂಡದ್ದೆಷ್ಟು, ಒಬ್ಬರಿಗೆ ಮಾತ್ರ ಕಂಡದ್ದೆಷ್ಟು ಎಂಬುದರಿಂದ ಯಾರಿಗೂ ಕಾಣದ್ದನ್ನು ಅಂದಾಜಿಸುತ್ತಾರೆ.

ದಾಖಲೆ ಸುಳ್ಳಾದರೆ ಅಪಾಯ ಇನ್ನೂ ಆಳ. ಸೋವಿಯತ್ ಹಡಗುಗಳು ದಕ್ಷಿಣಾರ್ಧ ಗೋಳದಲ್ಲಿ ಸುಮಾರು 48,000 ಹಂಪ್‌ಬ್ಯಾಕ್ ಕೊಂದು, ಸುಮಾರು 2,700 ಎಂದು ವರದಿ ಕೊಟ್ಟಿದ್ದವು. ಕೊಂದದ್ದನ್ನು ಮುಚ್ಚಿಟ್ಟರೆ ಮೂಲ ಸಂಖ್ಯೆಯೇ ಚಿಕ್ಕದಾಗಿ ಕಾಣುತ್ತದೆ, ಉಳಿದ ಚೂರು ಪಾಲು ದೊಡ್ಡದೆನಿಸುತ್ತದೆ, ಮಿತಿ ಏರುತ್ತದೆ. ನಮ್ಮ ಅರಬ್ಬಿ ಸಮುದ್ರದಲ್ಲೂ 1960ರ ದಶಕದಲ್ಲಿ ಅವರು 240ಕ್ಕೂ ಹೆಚ್ಚು ಹಂಪ್‌ಬ್ಯಾಕ್‌ಗಳನ್ನು ಕದ್ದು ಕೊಂದರು. ಅವು ವಲಸೆ ಹೋಗದೆ ವರ್ಷವಿಡೀ ಇಲ್ಲೇ ಇರುವ, ಬೇರೆಲ್ಲೂ ಇಲ್ಲದ ಗುಂಪು. ಓಮನ್ ತೀರದಲ್ಲಿ ಬಾಲದ ಫೋಟೋಗಳಿಂದ ಮಾಡಿದ ಅಂದಾಜು ಬರೀ 82.

1985–86ರಿಂದ ವಾಣಿಜ್ಯ ಬೇಟೆಗೆ ತಡೆಯಿರುವುದರಿಂದ ಆಯೋಗ ಈ ಸೂತ್ರದಿಂದ ಯಾರಿಗೂ ಕೋಟಾ ಕೊಟ್ಟಿಲ್ಲ. ಆಕ್ಷೇಪ ದಾಖಲಿಸಿ 1993ರಿಂದ ಮತ್ತೆ ಬೇಟೆಯಾಡುತ್ತಿರುವ ನಾರ್ವೆ ಸೂತ್ರವನ್ನು ಬಳಸುತ್ತದೆ, ಆದರೆ ಉಳಿಯಬೇಕಾದ ಸಂಖ್ಯೆಯ ದೀರ್ಘಾವಧಿಯ ಗುರಿಯನ್ನು ಬೇಟೆಗೆ ಮುಂಚಿನದರ ಶೇ. 72ರಿಂದ 60ಕ್ಕೆ ಇಳಿಸಿಕೊಂಡು. ಗುರಿ ಇಳಿದಂತೆ ಕೋಟಾ ಹಿಗ್ಗುತ್ತದೆ. ಇದು ವಿಜ್ಞಾನದ ಫಲಿತಾಂಶವಲ್ಲ, ಸರ್ಕಾರದ ಆಯ್ಕೆ, ಹಾಗೆಂದೇ ಹೇಳಬೇಕು.

ಇನ್ನೊಂದು ವಿಷಯ, ಈಟಿ ತಗುಲಿ ತಪ್ಪಿಸಿಕೊಂಡವು. ಅಲಾಸ್ಕದ ಮೂಲನಿವಾಸಿಗಳ ಬೋಹೆಡ್ ತಿಮಿಂಗಿಲ ಬೇಟೆಯಲ್ಲಿ ದಡಕ್ಕೆ ತಂದದ್ದಕ್ಕೆ ಮಾತ್ರವಲ್ಲ, ಹೊಡೆತಗಳಿಗೂ ಮಿತಿಯಿದೆ. ಗಾಯಗೊಂಡು ಮುಳುಗಿದ್ದೂ ಅಲ್ಲಿ ಲೆಕ್ಕಕ್ಕೆ ಸೇರುತ್ತದೆ.