ಜೋಳದ ಚೀಲದ ಕೋಣೆಯಲ್ಲಿ ಮಗಳ ಏರ್ ರೈಫಲ್ ಮೇಜು

ನಮ್ಮ ಭಾವಮೈದ ಅಮೆರಿಕದ ಅರಿಜೋನಾದಲ್ಲಿದ್ದಾನೆ. ಅವನ ಗ್ಯಾರೇಜಿನ ಒಂದು ಮೂಲೆಯಲ್ಲಿ ತೋಟಾ ತುಂಬುವ ಮೇಜಿದೆ. ಹಾರಿಸಿದ ಮೇಲೆ ಉಳಿಯುವ ಹಿತ್ತಾಳೆ ಕೊಳವೆಗಳನ್ನು ಆಯ್ದು ತಂದು, ತೊಳೆದು, ಅಳತೆಗೆ ಒತ್ತಿ, ಹೊಸ ಪ್ರೈಮರ್ (ಮದ್ದಿಗೆ ಕಿಡಿ ಹೊತ್ತಿಸುವ ಪುಟ್ಟ ಟೊಪ್ಪಿ), ಮದ್ದು, ಗುಂಡು ಕೂಡಿಸಿ ಮತ್ತೆ ತೋಟಾ ಮಾಡಿಕೊಳ್ಳುತ್ತಾನೆ. ಅಲ್ಲಿ ಅದೊಂದು ಹವ್ಯಾಸ, ಭಾನುವಾರ ಮಧ್ಯಾಹ್ನದ ಕೆಲಸ. ವೀಡಿಯೊ ಕಾಲ್ ಮಾಡಿ ತನ್ನ ಬಂದೂಕುಗಳನ್ನೆಲ್ಲ ಒಂದೊಂದಾಗಿ ತೋರಿಸಿದ. ನಾನು ದಾವಣಗೆರೆಯ ಹದಡಿ ರಸ್ತೆಯಲ್ಲಿ ಮೋಟರ್ ವೈಂಡಿಂಗ್ ಅಂಗಡಿ ಇಟ್ಟವನು. ನನ್ನ ಕಣ್ಣೆಲ್ಲ ಆ ಮೇಜಿನ ಮೇಲಿತ್ತು. ಅಷ್ಟು ಉದ್ದದ ಮೇಜಿನ ಮೇಲೆ ಮದ್ದಿನ ಡಬ್ಬಿ ಮಾತ್ರ ಒಂದೇ ಒಂದು.

“ಉಳಿದ ಡಬ್ಬಿ ಎಲ್ಲಿ ಇಟ್ಟೀಯೋ?” ಅಂದೆ.

“ಬೀರುದಾಗ ಬೀಗ ಹಾಕೀನಿ ಭಾವ. ಎರಡು ಡಬ್ಬಿ ಮೇಜಿನ ಮೇಲೆ ಒಟ್ಟಿಗೆ ಬರಂಗಿಲ್ಲ. ಈ ಮದ್ದು ಆ ಡಬ್ಬಿಗೆ ಬಿದ್ರೆ ಬಂದೂಕು ಮುಖದ ಮುಂದೇನೇ ಸಿಡೀತದೆ.”

ಈ ಮಾತು ನನಗೆ ತಕ್ಷಣ ಅರ್ಥವಾಯಿತು. ನಮ್ಮ ಅಂಗಡಿಯಲ್ಲೂ ಎರಡು ಗೇಜಿನ ತಂತಿಯ ಉರುಳೆ ಒಂದೇ ಟೇಬಲ್ ಮೇಲೆ ಇರಬಾರದು ಅಂತ ಹುಡುಗರಿಗೆ ದಿನಾ ಬೈಯುತ್ತೇನೆ.

ಓದಿದವರಿಗೆ ಆಸೆ ಹುಟ್ಟೀತು, ಅದಕ್ಕೆ ಮೊದಲೇ ಹೇಳಿಬಿಡುತ್ತೇನೆ: ತೋಟಾ ತುಂಬುವ ಕೆಲಸ ನಮ್ಮಲ್ಲಿ ಮನೆಯಲ್ಲಿ ಮಾಡುವಂಥದ್ದಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನ ಪ್ರಕಾರ ಪರವಾನಗಿ ಇಲ್ಲದೆ ತೋಟಾ ತಯಾರಿಸುವಂತಿಲ್ಲ. 2019ರ ತಿದ್ದುಪಡಿಯ ನಂತರ ಶಿಕ್ಷೆ ಕನಿಷ್ಠ ಏಳು ವರ್ಷ, ಜೀವಾವಧಿವರೆಗೂ ಹೋಗಬಹುದು. ಒತ್ತುವ ಯಂತ್ರವನ್ನು ಕೊರಿಯರ್ ಮಾಡಲೇ ಅಂತ ಭಾವಮೈದ ಕೇಳಿದಾಗ ಬೇಡಪ್ಪ ಅಂತ ಕೈ ಮುಗಿದೆ. ನಮಗೆ ಬೇಕಿದ್ದದ್ದು ಬೇರೆ. ಮಗಳು ಎನ್‌ಸಿಸಿ ಕ್ಯಾಂಪಿನಲ್ಲಿ ಪಾಯಿಂಟ್ 22 ರೈಫಲ್ ಹಿಡಿದು ರುಚಿ ಹತ್ತಿಸಿಕೊಂಡು ಬಂದಿದ್ದಳು. ಆಮೇಲೆ 10 ಮೀಟರ್ ಏರ್ ರೈಫಲ್ ಆಟಕ್ಕೆ ಸೇರಿದಳು. 4.5 ಮಿಲಿಮೀಟರ್ ಅಳತೆಯ, 20 ಜೂಲ್ (ಹಾರುವ ಗುಂಡಿನ ಶಕ್ತಿಯ ಅಳತೆ) ಒಳಗಿನ ಏರ್‌ಗನ್ನಿಗೆ ಪರವಾನಗಿ ಬೇಡ. ಆಟದ ರೈಫಲ್ಲಿನ ಗುಂಡಿನ ತೂಕ 0.53 ಗ್ರಾಂ, ವೇಗ ಸೆಕೆಂಡಿಗೆ ಸುಮಾರು 170 ಮೀಟರ್. ಲೆಕ್ಕ ಹಾಕಿದರೆ ಏಳೂವರೆ ಜೂಲಿನ ಆಸುಪಾಸು ಬರುತ್ತದೆ. ಗುರುತಿನ ಚೀಟಿ ಕೊಟ್ಟು, ರಸೀದಿ ಸಮೇತ ತಂದೆವು. ರಸೀದಿಯ ಒಂದು ಜೆರಾಕ್ಸ್ ರೈಫಲ್ ಪೆಟ್ಟಿಗೆಯಲ್ಲೇ ಇದೆ. ಬಸ್ಸಿನಲ್ಲೋ ರೈಲಿನಲ್ಲೋ ಯಾರಾದರೂ ಕೇಳಿದರೆ ತೆಗೆದು ತೋರಿಸಬಹುದು.

ಅಭಿನವ್ ಬಿಂದ್ರಾ 2008ರಲ್ಲಿ ಬೀಜಿಂಗ್‌ನಲ್ಲಿ ಚಿನ್ನ ಗೆದ್ದದ್ದು ಇದೇ ಆಟದಲ್ಲಿ. ಅವರ ತಂದೆ ಮನೆಯಲ್ಲೇ ರೇಂಜ್ ಕಟ್ಟಿಸಿಕೊಟ್ಟಿದ್ದರು. ಅವರ ಅಂಗಳದ ಅಳತೆ ಬೇರೆ, ನಮ್ಮದು ಮೂವತ್ತು-ನಲವತ್ತರ ಸೈಟು. ಮಹಡಿಯ ಒಳಗಳತೆ ಉದ್ದಕ್ಕೆ ಮೂವತ್ತಾರು ಅಡಿ, ಅಂದರೆ 10.97 ಮೀಟರ್. ಗುರಿಯ ಹಿಂದಿನ ಡಬ್ಬಕ್ಕೆ ಒಂದು ಗೇಣು ಬಿಟ್ಟರೆ, ನಿಲ್ಲುವವರ ಕಾಲಿಗೆ ಉಳಿಯುವುದು ಮುಕ್ಕಾಲು ಮೀಟರಿಗಿಂತ ಕಡಿಮೆ. ರೈಫಲ್ಲಿಗೆ ಅಡ್ಡಡ್ಡ ನಿಲ್ಲುವುದರಿಂದ ಅಷ್ಟು ಸಾಕು. ಮಗಳ ಹಿಂಗಾಲು ಬಾಲ್ಕನಿ ಹೊಸ್ತಿಲಿಗೆ ತಾಗುವಂತಿರುತ್ತದೆ, ಅಷ್ಟೆ.

ಮುಂದಿನ ಕೋಣೆಯಲ್ಲಿ ಜೋಳದ ಚೀಲ, ಹಳೇ ಹಾಸಿಗೆ, ಮುರಿದ ತೊಟ್ಟಿಲು ತುಂಬಿದ್ದವು. ಅದರ ಬಾಗಿಲಿಂದ ನಡುವಿನ ಓಣಿ ದಾಟಿ ಹಿಂದಿನ ಬಟ್ಟೆ ಒಗೆಯುವ ಜಾಗದ ಗೋಡೆವರೆಗೆ ನೇರ ದೃಷ್ಟಿ ಸಿಗುತ್ತದೆ. ಮೂರು ಬಾಗಿಲು ಒಂದೇ ಸಾಲಿಗೆ ಬಂದರೆ ಮನೆಗೆ ಒಳ್ಳೇದಲ್ಲ ಅಂತ ಅವ್ವ ಮನೆ ಕಟ್ಟುವಾಗಿನಿಂದ ಗೊಣಗುತ್ತಿದ್ದಳು. ಈಗ ಆ ಸಾಲಿನಿಂದಲೇ ಮೊಮ್ಮಗಳಿಗೆ ಹತ್ತು ಮೀಟರ್ ಸಿಕ್ಕಿತು. ಅವ್ವನ ಗೊಣಗಾಟ ಮಾತ್ರ ನಿಂತಿಲ್ಲ, ಚೀಲ ಕೆಳಗೆ ಇಳಿಸಿದ್ದಕ್ಕೆ ಇಲಿ ಬರ್ತವೆ ಅಂತ ಶುರು ಮಾಡಿದ್ದಾಳೆ.

ಓಣಿಯಲ್ಲಿ ಪಕ್ಕಕ್ಕೆ ಎರಡು ಬಾಗಿಲಿವೆ, ಬಚ್ಚಲದ್ದೊಂದು, ಮಲಗುವ ಕೋಣೆಯದ್ದೊಂದು. ಯಾರಾದರೂ ಅಲ್ಲಿಂದ ಹೊರಗೆ ಬಂದರೆ ನೇರ ಗುಂಡಿನ ದಾರಿಗೇ ಬರುತ್ತಾರೆ. ಎರಡಕ್ಕೂ ಓಣಿ ಕಡೆಯಿಂದ ಚಿಲಕ ಹೊಡೆಸಿದೆ. ಒಳಗೆ ಯಾರೂ ಇಲ್ಲ ಅಂತ ಇಣುಕಿ ನೋಡಿ ಚಿಲಕ ಹಾಕಬೇಕು, ಆಮೇಲೆ ಮೆಟ್ಟಿಲ ಬಾಯಲ್ಲಿ ಕೆಂಪು ಬಲ್ಬಿನ ಸ್ವಿಚ್ಚು, ಅದಾದ ಮೇಲೆ ರೈಫಲ್ ಪೆಟ್ಟಿಗೆಗೆ ಕೈ. ಕೆಂಪು ಬಲ್ಬು ಉರಿಯುತ್ತಿದ್ದರೆ ಬೆಕ್ಕೂ ಮಹಡಿ ಹತ್ತುವ ಹಾಗಿಲ್ಲ ಅಂತ ನಮ್ಮಾಕೆಯ ಆರ್ಡರು.

ಗುರಿಯ ನಡು ನೆಲದಿಂದ 140 ಸೆಂಟಿಮೀಟರ್ ಎತ್ತರಕ್ಕೆ ಇರಬೇಕು. ಯಾವ ನೆಲದಿಂದ ಅನ್ನುವುದು ಇಲ್ಲಿ ಪ್ರಶ್ನೆ. ನಮ್ಮ ಕಡೆ ಮನೆ ತೊಳೆದ ನೀರು ಹಿಂದಕ್ಕೆ ಹರಿಯಲಿ ಅಂತ ನೆಲಕ್ಕೆ ಇಳಿಜಾರು ಕೊಟ್ಟಿರುತ್ತಾರೆ, ಒಗೆಯುವ ಜಾಗವಂತೂ ಇನ್ನೂ ತಗ್ಗು. ಆಟಗಾರ ನಿಂತ ನೆಲವೇ ಲೆಕ್ಕಕ್ಕೆ. ಗಾರೆ ಮೇಸ್ತ್ರಿ ನೀರು ತುಂಬಿದ ಪಾರದರ್ಶಕ ಪೈಪು ತಂದು ಈ ತುದಿಯಿಂದ ಆ ತುದಿಗೆ ಹಿಡಿದ. ನಿಲ್ಲುವ ಜಾಗಕ್ಕಿಂತ ಹಿಂದಿನ ನೆಲ ಎರಡೂವರೆ ಇಂಚು ಕೆಳಗಿತ್ತು. ಅದನ್ನು ಕೂಡಿಸಿ ಗೋಡೆಗೆ ಗುರುತು ಹಾಕಿದ. ಲೇಸರ್ ಗೀಸರ್ ಏನೂ ಬೇಕಾಗಲಿಲ್ಲ.

ಇನ್ನು ಮೇಜು. ಹಣ, ಹೊತ್ತು, ಜಗಳ ಮೂರೂ ಹೆಚ್ಚು ಖರ್ಚಾದದ್ದು ಇಲ್ಲಿಯೇ.

ಮಗಳು ಆನ್‌ಲೈನಿನಲ್ಲಿ ಮಡಚುವ ಟೇಬಲ್ ತೋರಿಸಿದಳು. ಬೇಡ ಅಂದೆ. ಮೇಜು ಅಲುಗಿದರೆ ಅದರ ಮೇಲೆ ಮಾಡಿದ ಯಾವ ಅಳತೆಯೂ ಅಳತೆಯಲ್ಲ. ಚನ್ನಗಿರಿ ಕಡೆ ನಮ್ಮವ್ವನ ತವರಿನ ಹಳೇ ಮನೆ ಕೆಡವಿದಾಗ ಅಟ್ಟದ ಮತ್ತಿ ಹಲಗೆ ಉಳಿದಿದ್ದವು. ಎರಡನ್ನು ತರಿಸಿ ಬಡಿಗೇರ ಅಣ್ಣನ ಕೈಯಲ್ಲಿ ಉಜ್ಜಿಸಿ ಕೂಡಿಸಿದೆ. “ಇಷ್ಟು ಗಟ್ಟಿ ಮರಕ್ಕೆ ನನ್ನ ಉಜ್ಜುಗೊರಡು ಸವೀತು ಅಣ್ಣಾ” ಅಂತ ಅವನು ಕೂಲಿ ಹೆಚ್ಚು ಕೇಳಿದ, ಕೊಟ್ಟೆ. ಕಾಲು ಎರಡಿಂಚಿನ ಆ್ಯಂಗಲ್ ಕಬ್ಬಿಣದ್ದು, ನಮ್ಮ ಅಂಗಡಿ ಪಕ್ಕದಲ್ಲೇ ವೆಲ್ಡಿಂಗ್ ಆಯಿತು. ಹಿಂದಿನ ಅಂಚನ್ನು ಗೋಡೆಗೆ ಆ್ಯಂಕರ್ ಬೋಲ್ಟ್ ಹಾಕಿ ಬಿಗಿದೆ. ಕೆಳಗಿನ ಹಲಗೆಯ ಮೇಲೆ ಸುಟ್ಟುಹೋದ ಮೋಟರುಗಳ ಸ್ಟೇಟರ್ ಜೋಡಿಸಿಟ್ಟೆ. ಗುಜರಿಗೆ ಹೋಗಬೇಕಿದ್ದ ಕಬ್ಬಿಣ ಈಗ ತೂಕಕ್ಕಾಯಿತು. ಕಲ್ಯಾಣಿಯ ಮೆಟ್ಟಿಲಿನ ಹಾಗೆ ಕೂತಿದೆ ಮೇಜು. ಎದೆ ಕೊಟ್ಟು ನೂಕಿದರೂ ಅದರ ಮೇಲಿಟ್ಟ ಲೋಟದ ನೀರು ಅಲ್ಲಾಡುವುದಿಲ್ಲ. ಎತ್ತರ ಮೂವತ್ತನಾಲ್ಕು ಇಂಚು. ಮಗಳನ್ನು ನಿಲ್ಲಿಸಿ ಮೊಣಕೈಗೆ ಸರಿಯಾಗಿ ಅಳೆದದ್ದು, ನನಗೆ ಸ್ವಲ್ಪ ತಗ್ಗು.

ಮೇಲೆ ಬಿಳಿ ಸನ್‌ಮೈಕಾ ಅಂಟಿಸಿದೆ. ಬೂದು ಬಣ್ಣದ ಸೀಸದ ಗುಂಡು ಬಿಳಿ ಮೇಲೆ ಥಟ್ಟನೆ ಕಾಣುತ್ತದೆ. ಅಂಚಿಗೆ ಸುತ್ತಲೂ ಅರ್ಧ ಇಂಚಿನ ಪಟ್ಟಿ ಹೊಡೆಸಿದ್ದರಿಂದ ಗುಂಡು ಉರುಳಿ ಕೆಳಗೆ ಬೀಳುವುದಿಲ್ಲ. ನೆಲಕ್ಕೆ ಬಿದ್ದ ಗುಂಡನ್ನು ಮತ್ತೆ ಡಬ್ಬಿಗೆ ಹಾಕಬಾರದು. ಸೀಸ ಮೆತ್ತಗಿನ ಲೋಹ. ಗುಂಡಿನ ಹಿಂದಿನ ಸೆರಗು ಕೂದಲೆಳೆಯಷ್ಟು ನೆಗ್ಗಿದರೂ ಬ್ಯಾರಲ್ಲಿನಲ್ಲಿ ಗಾಳಿ ಒಂದು ಪಕ್ಕಕ್ಕೆ ಸೋರುತ್ತದೆ.

ಬಲತುದಿಗೆ ಅಪ್ಪನ ವೈಸು, ಸಾಮಾನು ಕಚ್ಚಿ ಹಿಡಿಯುವ ಕಬ್ಬಿಣದ ದವಡೆ. ಅಪ್ಪ ಹರಿಹರದ ಮೈಸೂರು ಕಿರ್ಲೋಸ್ಕರ್‌ನಲ್ಲಿ ಲೇತ್ ಜೋಡಿಸುವ ವಿಭಾಗದಲ್ಲಿದ್ದವರು. 1941ರಲ್ಲಿ ಶುರುವಾದ ಕಾರ್ಖಾನೆ ಅದು. ಈ ಭಾಗದಲ್ಲಿ ಸಾವಿರದಲ್ಲೊಂದು ಭಾಗದವರೆಗೆ ಅಳೆಯುವ ಅಭ್ಯಾಸ ಜನಕ್ಕೆ ಬಂದದ್ದೇ ಅಲ್ಲಿಂದ ಅಂತ ನನ್ನ ಅಭಿಪ್ರಾಯ. ವೈಸಿನ ದವಡೆಗೆ ತೊಗಲು ಅಂಟಿಸಿದ್ದೇನೆ. ಬ್ಯಾರಲ್ಲನ್ನು ಕಚ್ಚಿಸಬಾರದು, ರೈಫಲ್ಲಿನ ಅಡಿಯ ಹಳಿಯನ್ನು ಮಾತ್ರ ಹಿಡಿಸಬೇಕು. ಹಾಗೆ ಹಿಡಿಸಿಟ್ಟು ಓಣಿಯುದ್ದಕ್ಕೂ ಗುರಿಯತ್ತ ಬಿಟ್ಟರೆ ಗುಂಡಿನ ಗುಣ ಗೊತ್ತಾಗುತ್ತದೆ, ಮನುಷ್ಯನ ಉಸಿರು, ನಡುಕ ಯಾವುದೂ ನಡುವೆ ಬರುವುದಿಲ್ಲ.

ಆಟದ ಗುಂಡು ಐನೂರರ ಡಬ್ಬಿಯಲ್ಲಿ ಬರುತ್ತದೆ. ಒಂದೇ ಕಂಪನಿಯದ್ದಾದರೂ ತಲೆಯ ಅಳತೆ 4.49, 4.50, 4.51 ಮಿಲಿಮೀಟರ್ ಅಂತ ಬೇರೆ ಬೇರೆ. ಮಿಲಿಮೀಟರಿನ ನೂರರಲ್ಲಿ ಒಂದು ಭಾಗದಷ್ಟು ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ, ಬ್ಯಾರಲ್ಲಿಗೆ ಗೊತ್ತಾಗುತ್ತದೆ. ಕಾಗದದ ಗುರಿಯ ನಟ್ಟನಡುವಿನ ಹತ್ತರ ಚುಕ್ಕೆ ಅರ್ಧ ಮಿಲಿಮೀಟರ್ ಅಗಲ. ಭಾವಮೈದನ ನೇಮ ಇಲ್ಲಿ ಕೆಲಸಕ್ಕೆ ಬಂತು. ಮೇಜಿನ ಮೇಲೆ ಒಂದು ಹೊತ್ತಿಗೆ ಒಂದೇ ಡಬ್ಬಿ. ಅದರ ಬ್ಯಾಚ್ ನಂಬರ್ ಸ್ಲೇಟಿನಲ್ಲಿ ಬರೆದ ಮೇಲೆಯೇ ಮುಚ್ಚಳ ತೆಗೆಯಬೇಕು. ಮುಗಿದ ಮೇಲೆ ಡಬ್ಬಿ ಬೀರುವಿಗೆ, ಆಮೇಲೆ ಮುಂದಿನದು. ಮೊದಮೊದಲು ಮಗಳು ಸಿಡುಕಿದಳು: “ಅಪ್ಪಾಜಿ, ಇದೇನು ಮದ್ದಲ್ಲ, ಸಿಡಿಯಾಕೆ.” ನಿಜ. ಅಲ್ಲಿ ತಪ್ಪಿದರೆ ಬಂದೂಕು ಒಡೆಯುತ್ತದೆ, ಇಲ್ಲಿ ತಪ್ಪಿದರೆ ಹತ್ತರ ಬದಲು ಒಂಬತ್ತು ಚಿಲ್ಲರೆ ಬರುತ್ತದೆ. ಆದರೆ ಆ ಒಂಬತ್ತು ಕೈಯಿಂದ ಬಂತೋ ಗುಂಡಿನಿಂದ ಬಂತೋ ತಿಳಿಯದಿದ್ದರೆ ಅಭ್ಯಾಸ ಮಾಡಿ ತಿದ್ದಿಕೊಳ್ಳುವುದು ಏನನ್ನು?

ತಕ್ಕಡಿ ವಿಚಾರದಲ್ಲಿ ನನ್ನದು ಬೇರೆ ಮಾತು. ಗ್ರಾಮಿನ ಸಾವಿರದಲ್ಲೊಂದು ಭಾಗ ತೋರಿಸುವ ಅಕ್ಕಸಾಲಿಗರ ಎಲೆಕ್ಟ್ರಾನಿಕ್ ತಕ್ಕಡಿ ತಂದೆವು. ಒಂದೊಂದೇ ಗುಂಡು ತೂಗಿ 0.528, 0.531 ಅಂತ ಗುಂಪು ಮಾಡುವುದು. ಗುಲಗಂಜಿ ಲೆಕ್ಕದಲ್ಲಿ ಒಂದು ಗುಂಡು ನಾಲ್ಕಕ್ಕೆ ಸ್ವಲ್ಪ ಮೇಲೆ. ಫ್ಯಾನ್ ಹಾಕಿದರೆ ಅಂಕಿ ನಿಲ್ಲುವುದಿಲ್ಲ, ಏಪ್ರಿಲ್‌ನಲ್ಲಿ ದಾವಣಗೆರೆಯ ಮಹಡಿ ಮೇಲೆ ಫ್ಯಾನಿಲ್ಲದೆ ಕೂತು ತೂಗುವುದೆಂದರೆ ವ್ರತ ಮಾಡಿದಂತೆಯೇ. ವೈಸಿಗೆ ಹಿಡಿಸಿ ನೋಡಿದಾಗ ತೂಗಿದ ಗುಂಡಿಗೂ ತೂಗದ ಗುಂಡಿಗೂ ಹತ್ತು ಮೀಟರಿನಲ್ಲಿ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ, ಬ್ಯಾಚಿಂದ ಬ್ಯಾಚಿಗೆ ಮಾತ್ರ ಚೆನ್ನಾಗಿ ಕಂಡಿತು. ಆದರೂ ಸ್ಪರ್ಧೆಯ ಹಿಂದಿನ ದಿನ ಮಗಳು ತೂಗುತ್ತಾಳೆ. ಮನಸ್ಸಿಗೆ ಸಮಾಧಾನ ಆಗುತ್ತದಂತೆ, ನಾನು ಅಡ್ಡ ಹೋಗುವುದಿಲ್ಲ.

ಗುರಿಯ ಹಿಂದಿನ ಡಬ್ಬ ಅಂಗಡಿಯಲ್ಲೇ ಮಾಡಿದ್ದು. ಮೂರು ಮಿಲಿಮೀಟರಿನ ಕಬ್ಬಿಣದ ತಗಡನ್ನು ಮೇಲಂಚು ಮುಂದಕ್ಕೆ, ಕೆಳಗಿನಂಚು ಹಿಂದಕ್ಕೆ ಬರುವಂತೆ 45 ಡಿಗ್ರಿ ವಾಲಿಸಿ ಕೂರಿಸಿದರೆ ಗುಂಡು ಅದಕ್ಕೆ ಬಡಿದು ಕೆಳಗಿನ ಮರಳ ತಟ್ಟೆಗೆ ಬೀಳುತ್ತದೆ, ಹಿಂದಿರುಗಿ ಹಾರುವುದಿಲ್ಲ. ನೇರ ನಿಲ್ಲಿಸಿದ ತಗಡಾದರೆ ಚೂರು ವಾಪಸ್ ಬರುತ್ತದೆ. ಕಣ್ಣಿಗೆ ಕನ್ನಡಕ ಇದ್ದೇ ಇರಬೇಕು. ಬೆಳಕಿಗೆ ಗುರಿಯ ಮುಂದೆ ಎರಡು ಎಲ್‌ಇಡಿ ಸಾಕಾಯಿತು, ಗುರಿಯ ಮೇಲೆ 1500 ಲಕ್ಸ್ ಬೀಳಬೇಕು.

ಸೀಸದ ವಿಷಯದಲ್ಲಿ ಮಾತ್ರ ನಾನು ನಮ್ಮಾಕೆಗಿಂತ ಕಟ್ಟುನಿಟ್ಟು. ಬ್ಯಾಟರಿ ಅಂಗಡಿ ಗೆಳೆಯರನ್ನು ನೋಡಿದ್ದೇನೆ, ಸೀಸದ ಧೂಳು ಒಳಗೆ ಹೋದರೆ ಸುಲಭಕ್ಕೆ ಹೊರಗೆ ಬರುವುದಿಲ್ಲ, ಮಕ್ಕಳ ಮಿದುಳಿಗಂತೂ ಬಹಳ ಕೆಟ್ಟದ್ದು. ಆ ಕೋಣೆಯೊಳಗೆ ಮಂಡಕ್ಕಿ-ಮೆಣಸಿನಕಾಯಿ ಇರಲಿ, ಚಹಾ ಲೋಟವೂ ಬರುವ ಹಾಗಿಲ್ಲ. ಕಸಬರಿಗೆ ಆಡಿಸುವಂತಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಬೇಕು, ಆ ಬಟ್ಟೆ ಮನೆಯ ಬೇರೆ ಕೆಲಸಕ್ಕಿಲ್ಲ. ಡಬ್ಬದ ಮರಳು ಜರಡಿ ಹಿಡಿಯುವಾಗ ಮಾಸ್ಕ್ ಬೇಕು. ಆಯ್ದ ಸೀಸ ಮುಚ್ಚಳದ ಪೇಂಟ್ ಡಬ್ಬಿಯಲ್ಲಿ ಶೇಖರವಾಗಿ ಬ್ಯಾಟರಿಯವರಿಗೆ ಹೋಗುತ್ತದೆ. ಮನೆಯಲ್ಲಿ ಕರಗಿಸುವ ಮಾತೇ ಇಲ್ಲ. ಕೈ ಸೋಪು ಹಚ್ಚಿ ತೊಳೆದ ಮೇಲೆಯೇ ಅಡುಗೆಮನೆಗೆ ಪ್ರವೇಶ. ತಮ್ಮನ ಮಕ್ಕಳು ಬಂದಾಗ ಕೋಣೆಗೆ ಬೀಗ.

ರೈಫಲ್ಲಿನ ಗಾಳಿಯ ಸಿಲಿಂಡರ್ 200 ಬಾರ್ ಒತ್ತಡ ಹಿಡಿಯುತ್ತದೆ. ಬಿಸಿಯಾದರೆ ಒತ್ತಡ ಏರುವುದರಿಂದ ಬಾಲ್ಕನಿ ಕಡೆ ಇಡದೆ ಒಳಗೋಡೆಯ ಗೂಡಿನಲ್ಲಿ ಇಟ್ಟಿದ್ದೇವೆ. ಅದರ ಮೇಲೆ ಅವಧಿ ಮುಗಿಯುವ ವರ್ಷ ಕೊರೆದಿರುತ್ತದೆ. ಹಳೇದು ಅಗ್ಗಕ್ಕೆ ಸಿಗುತ್ತದೆ ಅಂತ ತೆಗೆದುಕೊಳ್ಳುವವರು ಆ ಅಂಕಿಯನ್ನು ಮೊದಲು ಓದಬೇಕು. ತುಂಬಿಸಲು ಸದ್ಯಕ್ಕೆ ಕೈಪಂಪು, ಅದನ್ನು ಹೊಡೆಯುವುದು ನನ್ನ ಪಾಲಿನ ವ್ಯಾಯಾಮ. ಕಂಪ್ರೆಸರ್ ಬೇಕು ಅಂತ ಮಗಳ ಅರ್ಜಿ ಬಂದಿದೆ. ಅದರ ಸದ್ದಿಗೆ ಕೆಳಗೆ ಅವ್ವನ ಮಧ್ಯಾಹ್ನದ ನಿದ್ದೆ ಕೆಟ್ಟರೆ ಮೂರು ಬಾಗಿಲಿನ ಪುರಾಣ ಮೊದಲಿಂದ ಕೇಳಬೇಕಾಗುತ್ತದೆ, ಹಾಗಾಗಿ ಅರ್ಜಿ ಇನ್ನೂ ನನ್ನ ಜೇಬಿನಲ್ಲೇ ಇದೆ. ಅದಕ್ಕಿಂತ ಮೊದಲು ಬಾಲ್ಕನಿ ಬಾಗಿಲ ಸಂದಿಗೆ ರಬ್ಬರ್ ಪಟ್ಟಿ ಹೊಡೆಸಬೇಕು. ಮಂಡಕ್ಕಿ ಭಟ್ಟಿ ಕಡೆಯಿಂದ ಗಾಳಿ ಬೀಸಿದ ದಿನ ಬಿಳಿ ಸನ್‌ಮೈಕಾ ಮೇಲೆ ಕರಿ ಪುಡಿ ಕೂರುತ್ತದೆ.