ಕಾಟ್ಸ್‌ಹ್ಯೂವಲ್‌ಗೆ ಹಾಡು ಹುಡುಕಿಕೊಂಡು

ನೆದರ್ಲೆಂಡ್ಸ್‌ನ ದಕ್ಷಿಣ ಭಾಗದಲ್ಲಿ ಕಾಟ್ಸ್‌ಹ್ಯೂವಲ್ ಅಂತ ಒಂದು ಸಣ್ಣ ಊರಿದೆ. ಅಲ್ಲಿಗೆ ರೈಲಿಲ್ಲ. ಟಿಲ್‌ಬರ್ಗ್ ಅಥವಾ ಡೆನ್ ಬಾಸ್ ತನಕ ರೈಲಿನಲ್ಲಿ ಹೋಗಿ, ಅಲ್ಲಿಂದ ಬಸ್ಸು ಹಿಡಿಯಬೇಕು. ಊರಿಗೆ ಅಂಟಿಕೊಂಡೇ ಎಫ್ಟೆಲಿಂಗ್ ಇದೆ. 1952ರಲ್ಲಿ ಶುರುವಾದ ಥೀಮ್ ಪಾರ್ಕ್. ಜನ ಅಲ್ಲಿಗೆ ರೋಲರ್ ಕೋಸ್ಟರ್ ಹತ್ತಲು, ಮಕ್ಕಳಿಗೆ ಅಜ್ಜಿಕಥೆಗಳ ಕಾಡು ತೋರಿಸಲು ಹೋಗುತ್ತಾರೆ. ನಾನು ಹೋಗಿದ್ದು ಹಾಡು ಕೇಳಲು.

ಥೀಮ್ ಪಾರ್ಕ್‌ಗಳ ಸಂಗೀತ ಕೂಡಿಡುವುದು ನನ್ನ ಹವ್ಯಾಸ. ಎಲ್‌ಪಿ, ಕ್ಯಾಸೆಟ್, ಸಿಡಿ, ಏನು ಸಿಕ್ಕಿದರೂ ಸರಿ. ಡಿಸ್ನಿಲ್ಯಾಂಡ್‌ಗೆ 50 ವರ್ಷ ತುಂಬಿದಾಗ, 2005ರಲ್ಲಿ, ಆರು ಸಿಡಿಗಳ ಒಂದು ಪೆಟ್ಟಿಗೆ ಬಂದಿತ್ತು. ನಮ್ಮಂಥವರಿಗೆ ಅದು ದೊಡ್ಡ ಹಬ್ಬ. ಆದರೆ ನನ್ನ ಮನಸ್ಸಿಗೆ ಜಾಸ್ತಿ ಹತ್ತಿರವಾಗಿದ್ದು ಎಫ್ಟೆಲಿಂಗ್‌ನ ಆಲ್ಬಮ್‌ಗಳು. ಎಷ್ಟೋ ವರ್ಷ ಅವನ್ನು ಕೇಳಿದ್ದೆ. ಆ ಸಂಗೀತ ಯಾವ ಗೋಡೆಯ ಹಿಂದಿನಿಂದ, ಯಾವ ಮರದ ಬುಡದಿಂದ ಬರುತ್ತದೆ ಅಂತ ಮಾತ್ರ ಗೊತ್ತಿರಲಿಲ್ಲ.

ಜೊತೆಗೆ ಅಕ್ಕ ಬಂದಿದ್ದಳು. ಬಸ್ಸಿನಲ್ಲಿ ಅವಳು ಕೇಳಿದಳು: "ಅಲ್ಲ ಕಣೋ, ಇದನ್ನೆಲ್ಲ ಮನೇಲೇ ಕೂತು ಹೆಡ್‌ಫೋನ್ ಹಾಕ್ಕೊಂಡು ಕೇಳಬಹುದಲ್ವಾ?"

ನ್ಯಾಯವಾದ ಪ್ರಶ್ನೆ. ಆ ಕ್ಷಣಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. "ಬಾ ಅಕ್ಕ, ನೋಡೋಣ" ಅಂದೆ.

ಮೊದಲು ಹೋಗಿದ್ದು ಕಥೆಗಳ ಕಾಡಿಗೆ. ಪಾರ್ಕ್ ಹುಟ್ಟಿದ್ದೇ ಇಲ್ಲಿ. ಚಿತ್ರಗಾರ ಆಂಟನ್ ಪೀಕ್ ಇದನ್ನು ಬರೆದುಕೊಟ್ಟರು, ಪೀಟರ್ ರೈಂಡರ್ಸ್ ಅದಕ್ಕೆ ಚಲನೆ ಮತ್ತು ಸದ್ದು ಕೊಟ್ಟರು. ದಾರಿಯ ಪಕ್ಕದಲ್ಲಿ ಕೆಂಪು ಟೋಪಿಯ, ಬಿಳಿ ಚುಕ್ಕೆಯ ಅಣಬೆಗಳಿವೆ. ಬಗ್ಗಿ ಕಿವಿ ಕೊಟ್ಟರೆ ಒಳಗಿಂದ ಹಾರ್ಪ್ಸಿಕಾರ್ಡ್, ಅಂದರೆ ಪಿಯಾನೋಗಿಂತ ಹಳೆಯ ಕೀಲಿಮಣೆ ವಾದ್ಯ, ಕೇಳಿಸುತ್ತದೆ. ನುಡಿಸುವುದು ಜಿ ಮೇಜರ್‌ನ ಒಂದು ಪುಟ್ಟ ಮಿನುಯೆಟ್, ಹಳೇ ಕಾಲದ ಕುಣಿತದ ಸಂಗೀತ. ಬಹಳ ಕಾಲ ಜನ ಅದನ್ನು ಬಾಖ್ ರಚನೆ ಅಂತ ನಂಬಿದ್ದರು. ನಿಜವಾಗಿ ಬರೆದವರು ಕ್ರಿಸ್ಟಿಯನ್ ಪೆಟ್ಸೋಲ್ಡ್. ಪಿಯಾನೋ ಕಲಿಯುವ ಮಕ್ಕಳೆಲ್ಲ ನುಡಿಸುವ ತುಣುಕು ಅದು, ಎಲ್ಲಿ ಬೇಕಾದರೂ ಸಿಗುತ್ತದೆ. ಆದರೆ ಇಲ್ಲಿ ಅದು ಮಗುವಿನ ಕಿವಿಯ ಎತ್ತರಕ್ಕೆ ಇದೆ. ದೊಡ್ಡವರು ಮಂಡಿಯೂರಬೇಕು. ಅಕ್ಕ ಮಂಡಿಯೂರಿದಳು. ಎದ್ದು ಮುಂದೆ ಹೆಜ್ಜೆ ಇಟ್ಟರೆ ರಾಗ ಎಲೆಗಳ ಸದ್ದಿನಲ್ಲಿ ಕರಗುತ್ತದೆ, ಇನ್ನೊಂದು ಅಣಬೆಯ ಹತ್ತಿರ ಮತ್ತೆ ಸಿಗುತ್ತದೆ. ಸಿಡಿಯಲ್ಲಿ ಈ ದೂರ ಇಲ್ಲ.

ಅದೇ ಕಾಡಿನಲ್ಲಿ "ಭಾರತದ ನೈದಿಲೆಗಳು" ಅನ್ನುವ ಪ್ರದರ್ಶನ ಇದೆ, 1966ರದು. ಬೆಲ್ಜಿಯಂನ ರಾಣಿ ಫಾಬಿಯೋಲಾ ಬರೆದ ಮಕ್ಕಳ ಕಥೆ ಅದಕ್ಕೆ ಆಧಾರ. ಅಪ್ಸರೆಯರು ಕೊಳದ ಮೇಲೆ ಕುಣಿಯುತ್ತಾ ಬೆಳಗಾಗುವುದನ್ನು ಮರೆಯುತ್ತಾರೆ, ಮಾಟಗಾತಿ ಅವರನ್ನು ನೈದಿಲೆ ಮಾಡಿಬಿಡುತ್ತಾಳೆ. ಕತ್ತಲಿನ ಗುಹೆಯಲ್ಲಿ ನಿಂತು ನೋಡಬೇಕು. ಕಪ್ಪೆಗಳು ವಾದ್ಯ ನುಡಿಸುತ್ತವೆ, ಹೂಗಳಿಂದ ಅಪ್ಸರೆಯರು ಏಳುತ್ತಾರೆ.

ಇಲ್ಲಿನ ಸಂಗೀತ ನನಗೆ ಇಡೀ ಪ್ರವಾಸದ ದೊಡ್ಡ ಖುಷಿ. ಕಪ್ಪೆಗಳು ನುಡಿಸುವುದು ಜರ್ಮನಿಯ ಬ್ಯಾಂಡ್ ನಾಯಕ ಬರ್ಟ್ ಕೆಂಪ್‌ಫರ್ಟ್ ಅವರ "ಆಫ್ರಿಕಾನ್ ಬೀಟ್". ಮಾಟಗಾತಿಯ ದನಿಯಾಗಿ ಬರುವುದು ಪೆರು ದೇಶದ ಗಾಯಕಿ ಇಮಾ ಸುಮಾಕ್ ಹಾಡಿರುವ "ಅತಾಯ್‌ಪುರಾ". ನೆಲದಾಳದ ಸ್ವರದಿಂದ ಹಕ್ಕಿಯ ಕೂಗಿನ ತನಕ ಏರುವ ಕಂಠ ಅದು. ಭಾರತದ ಹೆಸರು, ಬೆಲ್ಜಿಯಂ ರಾಣಿಯ ಕಥೆ, ಜರ್ಮನ್ ಬ್ಯಾಂಡು, ಪೆರುವಿನ ಗಾಯಕಿ, ಡಚ್ ಕಾಡು! ಯಾರೋ ಒಬ್ಬರು ರೆಕಾರ್ಡುಗಳ ರಾಶಿಯ ಮುಂದೆ ಕೂತು ಇವೆರಡನ್ನು ಆರಿಸಿ ಜೋಡಿಸಿದ್ದಾರೆ ಅಂದರೆ, ಅವರೂ ನಮ್ಮ ಹಾಗೆ ಹಾಡು ಕೂಡಿಡುವವರೇ ಇರಬೇಕು ಅನಿಸಿತು. ಅಕ್ಕ ಇನ್ನೊಂದು ಸಲ ನೋಡೋಣ ಅಂದಳು. ನೋಡಿದೆವು.

ಈ ಎರಡು ಹಾಡುಗಳೂ ಪಾರ್ಕ್‌ಗಾಗಿ ಮಾಡಿದವಲ್ಲ. ಹಾಗಾಗಿ ಇವನ್ನು ಹುಡುಕಬೇಕಾದ್ದು ಹಳೇ ರೆಕಾರ್ಡ್ ಅಂಗಡಿಗಳಲ್ಲಿ. ಮಾರನೇ ದಿನ ಡೆನ್ ಬಾಸ್‌ನಲ್ಲಿ ಅಂಥ ಒಂದು ಅಂಗಡಿಗೆ ಹೋದೆವು. ಕೆಂಪ್‌ಫರ್ಟ್ ಎಲ್‌ಪಿಗಳು ಯುರೋಪಿನ ಅಂಗಡಿಗಳಲ್ಲಿ ಧಾರಾಳ, ಬೆಲೆಯೂ ಕಡಿಮೆ. ಐದು ಯೂರೋಗೆ ಒಂದು ಸಿಕ್ಕಿತು. ಅಂಗಡಿಯ ಹಿರಿಯರು ಅದನ್ನು ಪ್ಲೇಯರ್ ಮೇಲಿಟ್ಟು ಮುಳ್ಳು ಇಳಿಸಿದರು. ಹಾಡು ಶುರುವಾಗಿದ್ದೇ ತಡ, ನನ್ನ ಮುಖ ನೋಡಿ ನಕ್ಕರು. "ಕಪ್ಪೆಗಳು, ಅಲ್ವಾ?" ಅಂದರು. ಚಿಕ್ಕವರಿದ್ದಾಗ ಅಪ್ಪನ ಹೆಗಲ ಮೇಲೆ ಕೂತು ಆ ಪ್ರದರ್ಶನ ನೋಡಿದ್ದರಂತೆ. ಕೆಂಪ್‌ಫರ್ಟ್ ಹೆಸರು ತಿಳಿದಿದ್ದು ಎಷ್ಟೋ ವರ್ಷಗಳ ನಂತರವಂತೆ.

ಪಾರ್ಕ್‌ಗೆ ಅಂತಲೇ ಸಂಗೀತ ಬರೆದವರಲ್ಲಿ ಮೊದಲು ಹೇಳಬೇಕಾದ ಹೆಸರು ರೂಡ್ ಬಾಸ್. 1986ರ ಫಾಟಾ ಮೋರ್ಗಾನಾ, 1993ರ ಡ್ರೋಮ್‌ವ್ಲುಖ್ಟ್, 1996ರ ವಿಲ್ಲಾ ವೋಲ್ಟಾ, 1998ರ ವೋಗಲ್ ರೋಕ್, ಈ ಎಲ್ಲ ರೈಡ್‌ಗಳ ಸಂಗೀತವೂ ಅವರದೇ. ಡ್ರೋಮ್‌ವ್ಲುಖ್ಟ್‌ನಲ್ಲಿ ಮೇಲಿನ ಹಳಿಗೆ ತೂಗುಹಾಕಿದ ಪುಟ್ಟ ಗಾಡಿಯಲ್ಲಿ ಕೂತು, ಕೋಟೆ, ಕಾಡು, ನಕ್ಷತ್ರಲೋಕ ದಾಟಿ, ಕೊನೆಗೆ ಸುರುಳಿ ಸುತ್ತಿ ಕೆಳಗಿಳಿಯುತ್ತೇವೆ. ಆಲ್ಬಮ್‌ನಲ್ಲಿ ಈ ಸಂಗೀತಕ್ಕೆ ಒಂದು ಆರಂಭ, ಒಂದು ಮುಕ್ತಾಯ ಇದೆ. ಜಾಗದಲ್ಲಿ ಅವೆರಡೂ ಇಲ್ಲ. ನಾವು ಬರುವ ಮುಂಚೆಯೂ ಅದು ನಡೆಯುತ್ತಿತ್ತು, ಹೋದ ಮೇಲೂ ನಡೆಯುತ್ತದೆ. ಒಂದು ದೃಶ್ಯದ ರಾಗ ತಗ್ಗುವ ಮುಂಚೆಯೇ ಮುಂದಿನದು ಕಿವಿಗೆ ಬೀಳುತ್ತದೆ, ಎರಡೂ ಒಂದಕ್ಕೊಂದು ಜಗಳವಾಡುವುದಿಲ್ಲ. ಥೀಮ್ ಪಾರ್ಕ್‌ಗೆ ಬರೆಯುವವರ ದೊಡ್ಡ ಕೆಲಸವೇ ಇದು. ಸಿನಿಮಾದಲ್ಲಿ ನೋಡುಗ ಯಾವ ಕ್ಷಣದಲ್ಲಿ ಎಲ್ಲಿರುತ್ತಾನೆ ಅಂತ ಗೊತ್ತು. ಇಲ್ಲಿ ಗೊತ್ತಿಲ್ಲ. ಯಾರು ಯಾವಾಗ ಒಳಗೆ ಬಂದರೂ ರಾಗ ಹೊಂದಬೇಕು. ಅದು ತಿರುಗಿ ಮೊದಲಿಗೆ ಬಂದಾಗ ಬೆಸುಗೆ ಕಾಣಬಾರದು. ಇಷ್ಟು ಕಷ್ಟದ ಕೆಲಸವನ್ನು "ಹಿನ್ನೆಲೆ ಸಂಗೀತ" ಅಂತ ತಳ್ಳಿಹಾಕುವುದು ನನಗೆ ಸರಿ ಕಾಣುವುದಿಲ್ಲ.

ಈಗಿನ ಸಂಗೀತಗಾರ ರೆನೆ ಮರ್ಕೆಲ್‌ಬಾಖ್. 2017ರಲ್ಲಿ ಶುರುವಾದ ಸಿಂಬೋಲಿಕಾ ಅರಮನೆಗೆ ಬರೆದವರು ಅವರು. ಅಲ್ಲಿ ಸಾಲಿನಲ್ಲೇ ಮೂರು ದಾರಿಗಳಲ್ಲಿ ಒಂದನ್ನು ಆರಿಸಬೇಕು: ನಾಯಕರದು, ನಿಧಿಯದು, ಸಂಗೀತದ್ದು. ನಾವು ಯಾವುದಕ್ಕೆ ಹೋದೆವು ಅಂತ ಹೇಳಬೇಕಾಗಿಲ್ಲ.

ಆದರೆ ಮರ್ಕೆಲ್‌ಬಾಖ್ ಅವರ ಕೆಲಸ ನನಗೆ ಪೂರ್ತಿ ಹಿಡಿಸಿದ್ದು 2024ರ ಅಕ್ಟೋಬರ್ 31ರಂದು ಶುರುವಾದ ದಾನ್ಸ್ ಮಕಾಬ್ರ್ ಅನ್ನುವ ರೈಡ್‌ನಲ್ಲಿ. ಆ ಜಾಗದಲ್ಲಿ ಮುಂಚೆ 1978ರ ಭೂತದ ಕೋಟೆ ಇತ್ತು. ಫ್ರಾನ್ಸ್‌ನ ಸಂಗೀತಗಾರ ಸೆಂಟ್-ಸಾನ್ಸ್ 1874ರಲ್ಲಿ ಬರೆದ ಇದೇ ಹೆಸರಿನ ಕೃತಿಗೆ ಅಲ್ಲಿ ಭೂತಗಳ ಪ್ರದರ್ಶನ ನಡೆಯುತ್ತಿತ್ತು. ಕೋಟೆ 2022ರಲ್ಲಿ ಮುಚ್ಚಿತು, ಸಂಗೀತ ಉಳಿಯಿತು. ಈಗ 18 ಮೀಟರ್ ಅಗಲದ ತಿರುಗುವ ನೆಲದ ಮೇಲೆ ಆರು ಸಣ್ಣ ತಿರುಗುವ ವೇದಿಕೆಗಳಿವೆ. ಚರ್ಚಿನ ಗಾಯಕರ ಬೆಂಚುಗಳಲ್ಲಿ ನಾವು ಕೂರುತ್ತೇವೆ. ಮೂಲ ಕೃತಿಯಲ್ಲಿ ಹಾರ್ಪ್ ಅನ್ನುವ ತಂತಿವಾದ್ಯ ಹನ್ನೆರಡು ಸಲ ಮೀಟಿ ಮಧ್ಯರಾತ್ರಿಯ ಗಂಟೆ ಹೊಡೆಯುತ್ತದೆ. ಪಿಟೀಲಿನ ಮೇಲಿನ ತಂತಿಯನ್ನು ಅರ್ಧ ಸ್ವರ ಇಳಿಸಿ ಶ್ರುತಿ ಮಾಡಿರುತ್ತಾರೆ, ಅದರಿಂದಲೇ ಆ ಒಗರು. ಕಛೇರಿಯಲ್ಲಿ ಆ ಪಿಟೀಲು ಮುಂದೆ ಇರುತ್ತದೆ. ಇಲ್ಲಿ ನಾವೇ ತಿರುಗುವುದರಿಂದ ಅದು ಒಮ್ಮೆ ಬೆನ್ನ ಹಿಂದೆ, ಒಮ್ಮೆ ಎದುರಿಗೆ. ಅಕ್ಕ ಹೊರಗೆ ಬಂದು, "ಇದು ಹೆಡ್‌ಫೋನಲ್ಲಿ ಆಗಲ್ಲ ಬಿಡು" ಅಂದಳು.

ಪಾರ್ಕ್‌ನ ಅಂಗಡಿಯಲ್ಲಿ ಸಿಡಿ ಕೊಂಡೆ. ಇವತ್ತು ಹೆಚ್ಚಿನದೆಲ್ಲ ಫೋನಿನಲ್ಲೇ ಸಿಗುತ್ತದೆ, ನಿಜ. ಆದರೂ ನನಗೆ ತಟ್ಟೆಯೇ ಬೇಕು. ಯಾರು ಬರೆದರು, ಯಾರು ನುಡಿಸಿದರು ಅಂತ ಒಳಗಿನ ಕಾಗದದಲ್ಲಿ ಇರುತ್ತದೆ. ರೈಡ್ ಹತ್ತಿದವರಲ್ಲಿ ಎಷ್ಟು ಜನಕ್ಕೆ ಆ ಹೆಸರುಗಳು ಗೊತ್ತಿರುತ್ತವೆ? ಅವನ್ನು ಉಳಿಸಿಡುವುದು ಕೂಡಿಡುವವರ ಕೆಲಸ ಅಂತ ನಾನು ತಿಳಿದಿದ್ದೇನೆ.

ಅಲ್ಲಿಂದ ರೈಲಿನಲ್ಲಿ ಜರ್ಮನಿಗೆ. ಕಲೋನ್ ಹತ್ತಿರದ ಬ್ರೂಲ್ ಊರಿನಲ್ಲಿ ಫ್ಯಾಂಟೇಸಿಯಾಲ್ಯಾಂಡ್ ಅನ್ನುವ ಇನ್ನೊಂದು ಥೀಮ್ ಪಾರ್ಕ್ ಇದೆ. 2016ರಲ್ಲಿ ಟಾರೋನ್ ಕೋಸ್ಟರ್ ಜೊತೆಗೆ ಬಂದ ಕ್ಲುಗ್‌ಹೈಮ್ ಅನ್ನುವ ಕಲ್ಲಿನ ಹಳ್ಳಿಯೇ ನಮ್ಮ ಗುರಿ. ಇಲ್ಲಿನ ಸಂಗೀತ ಐಮಾಸ್ಕೋರ್ ಅನ್ನುವ ಜರ್ಮನ್ ಸ್ಟುಡಿಯೋದ್ದು. ಭಾರವಾದ ತಾಳ, ಗಂಭೀರ ರಾಗ. ಅದರ ನಡುವೆ ಗಂಟೆಗೆ 117 ಕಿ.ಮೀ. ವೇಗದ ಟಾರೋನ್ ರೈಲು ಬಂಡೆಗಳ ಸಂದಿಯಲ್ಲಿ ನುಗ್ಗುತ್ತದೆ. ಅಯಸ್ಕಾಂತಗಳು ಅದನ್ನು ಎಳೆದು ಎಸೆಯುವಾಗ ಒಂದು ಗುಂಯ್‌ಗುಡುವ ಸದ್ದು ಏರುತ್ತದೆ. ಮನೆಯಲ್ಲಿ ಆಲ್ಬಮ್ ಕೇಳುವಾಗ ಒಂದೆರಡು ಕಡೆ ಸಂಗೀತ ಯಾಕಿಷ್ಟು ಖಾಲಿ ಬಿಟ್ಟಿದ್ದಾರೆ ಅನಿಸುತ್ತಿತ್ತು. ಇಲ್ಲಿ ನಿಂತ ಮೇಲೆ ಆ ಖಾಲಿಯಲ್ಲಿ ಯಂತ್ರದ ಸದ್ದು ಬಂದು ಕೂರುವುದು ಕೇಳಿಸಿತು. ಅಕ್ಕನಿಗೂ ತೋರಿಸಿದೆ. ಅವಳು ಕಣ್ಣು ಮುಚ್ಚಿ ರೈಲಿಗಾಗಿ ಕಾದಳು, ಬಂದ ಕೂಡಲೇ ಬೆರಳೆತ್ತಿ "ಈಗ" ಅಂದಳು. ಆಮೇಲೆ ಚಿಯಾಪಾಸ್ ನೀರಿನ ರೈಡ್ ಕಡೆ ಹೊರಟೆವು. ಅಲ್ಲಿ ಮೆಕ್ಸಿಕೋ ಶೈಲಿಯ ಕಹಳೆಗಳು ದೂರದಿಂದಲೇ ಕೇಳಿಸುತ್ತಿದ್ದವು.